ಹಾಡೇ ಟಿಕೀಟು

ಹೋದ ಬೇಸಿಗೆಯಲ್ಲಿ ಒಂದು ಮದುವೆಯ ನಿಮಿತ್ತವಾಗಿ ಗಜೇಂದ್ರಗಡಕ್ಕೆ ಹೋಗಿದ್ದೆ. ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆ. ಆಗ ನಮ್ಮ ಹಳೆಯ ಓಣಿಯ ಹೆಣ್ಣುಮಗಳೊಬ್ಬಳು ತನ್ನ ಮಗನನ್ನು ಮುಂದೆ ಮಾಡಿಕೊಂಡು ಬಂದಳು.

“ಕಾಕಾ, ನಮ್ಮ ಹುಡುಗಗ ಹಡಗಿನ್ಯಾಗ ನೌಕರಿ ಸಿಕ್ಕೈತ್ರಿ.”

“ಛಲೋ ಆತಲ್ಲವಾ. ಏನು ನೌಕರಿ?”

“ಪೆಟಗಿ ಬಾರ್ಸೂದ್ರಿ.”

ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಾಯೊಳಗಿನ ಎಲೆಯನ್ನು ಒಂದು ದವಡೆಗೆ ಸರಿಸಿ, “ನಡುನೀರಾಗ ಪೆಟಗಿ ಬಾರ್ಸಿದ್ರ ಕೇಳಾವ್ರು ಯಾರೋ ತಮ್ಮಾ, ಮೀನಾ?” ಎಂದರು. ಕಟ್ಟೆಯೆಲ್ಲ ನಕ್ಕಿತು. ಹುಡುಗನೂ ನಕ್ಕ. ತಾಯಿ ಮಾತ್ರ ನಗಲಿಲ್ಲ.

ವಿಷಯವಿಷ್ಟು. ಶ್ರೀಮಂತರನ್ನೂ ಮಧ್ಯಮ ವರ್ಗದವರನ್ನೂ ಹತ್ತಿಸಿಕೊಂಡು ಬಂದರದಿಂದ ಬಂದರಕ್ಕೆ ವಿಹಾರ ಹೋಗುವ ದೊಡ್ಡ ಹಡಗುಗಳಿವೆಯಷ್ಟೆ. ಅಂಥದೊಂದರಲ್ಲಿ ಈ ಹುಡುಗ ಕೀಬೋರ್ಡ್ ಬಾರಿಸಬೇಕು. ಏಳು ತಿಂಗಳ ಕರಾರು. ರಾತ್ರಿಗೆ ಮೂರು ನಾಲ್ಕು ಸರತಿ, ಒಂದೊಂದು ಸರತಿ ಮುಕ್ಕಾಲು ತಾಸು. ಊಟ, ವಸತಿ ಹಡಗಿನವರದೇ. ತಾಯಿಯ ಅಂಜಿಕೆ ನೀರಿನದಾಗಿರಲಿಲ್ಲ. “ಇವನ ಅಜ್ಜ ಕಂಪನಿ ಬೆನ್ನ ಹತ್ತಿ ಹ್ವಾದಾಂವ ಬರಿಗೈಲೆ ಬಂದಾನ್ರಿ. ನಿಮಗ ಗೊತ್ತೇ ಐತೆಲ್ಲ. ಇವನ್ನ ಕಳಸ್ಲೋ ಬ್ಯಾಡೋ, ನೀವs ಹೇಳ್ರಿ” ಎಂದಳು.

ನಾನು ಇತಿಹಾಸ ಕಲಿಸಿ ನಿವೃತ್ತನಾದವನು. ಕೇಳಿದ ಪ್ರಶ್ನೆಗೆ ಒಡನೆ ಉತ್ತರ ಹೇಳುವ ಚಾಳಿಯನ್ನು ಈ ಕಸುಬು ನನ್ನಿಂದ ಬಿಡಿಸಿದೆ. “ನಾಕ ದಿವಸ ತಡಿಯವಾ, ವಿಚಾರ ಮಾಡಿ ಹೇಳ್ತೀನಿ” ಎಂದೆ. ಆ ನಾಲ್ಕು ದಿನಗಳಲ್ಲಿ ನನ್ನ ತಲೆಯಲ್ಲಿ ಸುಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳಿಗೆ ಸಮುದ್ರವೆಂಬುದು ನಕಾಶೆಯ ಮಾತು. ನಮ್ಮಲ್ಲಿರುವುದು ಎರೆಯ ಹೊಲ, ಬಿಳಿಜೋಳ, ಹತ್ತಿ, ನರಗುಂದದಲ್ಲೊಂದು ಗುಡ್ಡ, ಗಜೇಂದ್ರಗಡದಲ್ಲೊಂದು ಗುಡ್ಡ, ಮತ್ತು ಎರಡು ಮೂರು ವರ್ಷಕ್ಕೊಮ್ಮೆ ಬರುವ ಬರ. ಆದರೆ ಹಾಡಿಕೊಂಡು, ಬಾರಿಸಿಕೊಂಡು ಊರು ಬಿಟ್ಟವರ ಸಂಖ್ಯೆ ಇಲ್ಲಿ ಕಡಿಮೆಯೇನಿಲ್ಲ. ಇದಕ್ಕೆ ಕಾರಣ ಹುಡುಕಹೊರಟರೆ ಇತಿಹಾಸದ ಎರಡು ಸಂಗತಿಗಳು ಎದುರಾಗುತ್ತವೆ.

ಮೊದಲನೆಯದು ೧೮೫೮. ನರಗುಂದದ ಬಾಬಾಸಾಹೇಬ ಭಾವೆಯವರು ಆ ವರ್ಷ ಬ್ರಿಟಿಷರ ವಿರುದ್ಧ ಎದ್ದದ್ದು, ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾದದ್ದು, ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದ್ದು ಎಲ್ಲರೂ ಬಲ್ಲ ಕಥೆ. ಅದರ ಇನ್ನೊಂದು ಮುಖವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಂದಿಗೆ ನರಗುಂದದ ಸಂಸ್ಥಾನ ಮುಳುಗಿತು. ಮಿರಜ, ಜಮಖಂಡಿ, ರಾಮದುರ್ಗ, ಮುಧೋಳದ ಸಂಸ್ಥಾನಗಳು ೧೯೪೮ರವರೆಗೂ ಹೇಗೋ ಉಳಿದುಕೊಂಡವು. ಅಲ್ಲಿ ವಿದ್ವಾಂಸನಿಗೆ, ಗವಾಯಿಗೆ, ಪೈಲವಾನನಿಗೆ ಹೋಗಿ ಸಲಾಮು ಹೇಳಲು ಒಂದು ಅರಮನೆಯ ಬಾಗಿಲಾದರೂ ಇತ್ತು. ನಮ್ಮ ಭಾಗದ ಕಲಾವಿದನಿಗೆ ಬಾಗಿಲಿರಲಿಲ್ಲ. ಮಠ, ಜಾತ್ರೆ, ದಾರಿ ಇಷ್ಟೇ ಅವನ ಆಸ್ತಿಯಾಯಿತು.

ಎರಡನೆಯದು ರೈಲು. ೧೮೭೬–೭೮ರ ಬರದಲ್ಲಿ ಈ ನಾಡು ಬೆಂದುಹೋದ ಮೇಲೆ, ಬರಗಾಲಕ್ಕೆ ಕಾಳು ಸಾಗಿಸಲೆಂದು ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹೋಟಗಿಯಿಂದ ಗದಗಿಗೆ ೧೮೮೪ರಲ್ಲಿ ಮೀಟರ್ ಗೇಜ್ ಗಾಡಿ ಓಡಿತು. ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಹಾಯ್ದು ಮಲಪ್ರಭೆಯ ದಂಡೆಯ ಹೊಳೆಆಲೂರನ್ನು ಮುಟ್ಟಿ ಅದು ಗದಗಿಗೆ ಬರುತ್ತದೆ. ಮೂರೂ ಊರುಗಳನ್ನು ಅದು ತಪ್ಪಿಸಿಕೊಂಡೇ ಹೋಯಿತು. ನಮ್ಮ ಹಿರಿಯರು ಚಕ್ಕಡಿ ಕಟ್ಟಿಕೊಂಡು ಹೊಳೆಆಲೂರಿಗೋ ಗದಗಿಗೋ ಹೋಗಿ ಗಾಡಿ ಹಿಡಿಯಬೇಕಿತ್ತು. ಕಾಳಿಗಾಗಿ ಹಾಕಿದ ಹಳಿಯ ಮೇಲೆ ಹಾಡು ಹೋಗತೊಡಗಿತು. ಇದೇ ಕಂಪನಿಯ ಇನ್ನೊಂದು ಹಾದಿ ಮಿರಜದಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ದಕ್ಷಿಣಕ್ಕಿಳಿದು ಮೈಸೂರಿನ ಕಡೆಗೆ ಸಾಗುತ್ತಿತ್ತು. ಮಿರಜದಲ್ಲಿ ನೆಲೆಸಿದ ಉಸ್ತಾದ ಅಬ್ದುಲ್ ಕರೀಮ ಖಾನರು ಮೈಸೂರ ದರಬಾರಿಗೆ ಹೋಗುವಾಗ ಬರುವಾಗ ಧಾರವಾಡ, ಕುಂದಗೋಳಗಳಲ್ಲಿ ಇಳಿದದ್ದರಿಂದಲೇ ಕುಂದಗೋಳದ ರಾಮಭಾವು ಎಂಬ ಹುಡುಗ ಮುಂದೆ ಸವಾಯಿ ಗಂಧರ್ವರಾದರು. ಧಾರವಾಡದ ಮಣ್ಣಿನಲ್ಲಿ ಸಂಗೀತವಿದೆ, ನೀರಿನಲ್ಲಿ ಸಂಗೀತವಿದೆ ಎಂದು ಭಾಷಣ ಮಾಡುವವರು ರೈಲಿನ ಹಳಿಯನ್ನೂ ಒಂದಿಷ್ಟು ನೆನೆದರೆ ನ್ಯಾಯವಾದೀತು.

ಆ ಹಳಿಯ ಮೇಲೆ ಹೋದವರಲ್ಲಿ ಎಲ್ಲರಿಗಿಂತ ಹೆಸರಾದವರು ರೋಣದವರೇ. ಭೀಮಸೇನ ಜೋಶಿಯವರು ಹುಟ್ಟಿದ್ದು ರೋಣದಲ್ಲಿ, ೧೯೨೨ರ ಫೆಬ್ರವರಿ ೪ರಂದು. ಬೆಳೆದದ್ದು ಗದಗಿನಲ್ಲಿ. ತಂದೆ ಗುರುರಾಜ ಜೋಶಿಯವರು ಶಾಲೆಯ ಮಾಸ್ತರರು. ಬೀದಿಯಲ್ಲಿ ಭಜನೆಯೋ ವಾಜಂತ್ರಿಯ ಮೆರವಣಿಗೆಯೋ ಹೊರಟರೆ ಹುಡುಗ ಅದರ ಹಿಂದೆಯೇ ಹೋಗಿಬಿಡುತ್ತಿದ್ದ, ದಣಿದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೆ ಅವನ ಅಂಗಿಯ ಮೇಲೆಯೇ “ಜೋಶಿ ಮಾಸ್ತರರ ಮಗ” ಎಂದು ಬರೆದರಂತೆ. ಸಿಕ್ಕವರು ಓದಿ ಮನೆಗೆ ಮುಟ್ಟಿಸಲಿ ಎಂದು.

ಅಬ್ದುಲ್ ಕರೀಮ ಖಾನರ ಝಿಂಜೋಟಿಯ ಠುಮರಿಯ ತಬಕಡಿಯೊಂದು ಹುಡುಗನ ಕಿವಿಗೆ ಬಿದ್ದದ್ದು, ಇಂಥದನ್ನು ಕಲಿಸುವ ಗುರು ಬೇಕೆಂದು ಹಟ ಹುಟ್ಟಿದ್ದು, ತಟ್ಟೆಗೆ ಬೀಳದ ಒಂದು ಚಮಚ ತುಪ್ಪದ ಜಗಳ ನೆಪವಾದದ್ದು ಎಲ್ಲವೂ ಕೂಡಿ ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಆತ ಮನೆ ಬಿಟ್ಟ. ಕೈಯಲ್ಲಿ ಟಿಕೀಟಿಲ್ಲ. ಡಬ್ಬಿಯಲ್ಲಿ ಕುಳಿತವರಿಗೆ ಹಾಡುವುದು, ಅವರು ಕೊಟ್ಟದ್ದನ್ನು ತಿನ್ನುವುದು, ಇಳಿಸಿದಲ್ಲಿ ಇಳಿಯುವುದು, ಮುಂದಿನ ಗಾಡಿ ಹತ್ತುವುದು. ಪುಣೆ, ಗ್ವಾಲಿಯರ, ಲಖನೌ, ರಾಮಪುರ, ಕಲಕತ್ತೆ, ದಿಲ್ಲಿ ಹೀಗೆ ಸುಮಾರು ಮೂರು ವರ್ಷ ಹಿಂದುಸ್ಥಾನವನ್ನೇ ಅಲೆದ. ಕಲಕತ್ತೆಯಲ್ಲಿ ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಆಳಾಗಿಯೂ ದುಡಿದ. ಜಾಲಂಧರದಲ್ಲಿ ಕಣ್ಣಿಲ್ಲದ ಧ್ರುಪದ ಗಾಯಕ ಮಂಗತರಾಮರ ಬಳಿ ಕಲಿಯುತ್ತಿದ್ದಾಗ ವಿನಾಯಕರಾವ ಪಟವರ್ಧನರು, “ಇಷ್ಟು ದೂರವೇಕೆ ಬಂದೆ? ನಿನ್ನ ಊರ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ” ಎಂಬರ್ಥದ ಮಾತು ಹೇಳಿದರು. ೧೯೩೬ರಲ್ಲಿ ಆತ ಕುಂದಗೋಳಕ್ಕೆ ಬಂದ. ಗದಗಿನಿಂದ ಒಂದು ಹಗಲಿನ ದಾರಿಗೆ ಮೂರು ವರ್ಷ ಹಿಡಿದಿತ್ತು! ಅವರಿಗೆ ೨೦೦೮ರಲ್ಲಿ ಭಾರತರತ್ನ ಬಂದದ್ದು, ೨೦೧೧ರ ಜನವರಿ ೨೪ರಂದು ಅವರು ತೀರಿಕೊಂಡದ್ದು ಓದುಗರಿಗೆ ತಿಳಿದದ್ದೇ.

ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೂಬೇಕು. ಆದರೆ ಹೆಮ್ಮೆ ಪಡುವಾಗ ನಾವು ಅದನ್ನು ಕೊನೆಯಿಂದ ಮೊದಲಿಗೆ ಓದುತ್ತೇವೆ. ಭಾರತರತ್ನ ಬಂದದ್ದರಿಂದ ರೈಲಿನ ಹಸಿವೂ ಚಂದ ಕಾಣುತ್ತದೆ. ೧೯೩೪ರಲ್ಲಿ ಆ ಡಬ್ಬಿಯಲ್ಲಿ ಕುಳಿತಿದ್ದವನಿಗೆ ಕಂಡದ್ದು ಮಾತ್ರ ಟಿಕೀಟಿಲ್ಲದ ಒಬ್ಬ ಹುಡುಗ. ಆತ ಪ್ರಯಾಣಿಕನೂ ಅಲ್ಲ, ರೈಲಿನ ನೌಕರನೂ ಅಲ್ಲ. ಹಾಡೇ ಅವನ ಟಿಕೀಟು. ಹಾಡು ಹಿಡಿಸದಿದ್ದರೆ ಕೆಳಗಿಳಿಯಬೇಕು. ಆ ಕಾಲದಲ್ಲಿ ಇನ್ನೂ ಎಷ್ಟು ಹುಡುಗರು ಹಾಗೆ ಇಳಿದುಹೋದರೋ, ಅವರ ಹೆಸರನ್ನು ಬರೆದಿಟ್ಟವರಿಲ್ಲ. ದೊಡ್ಡವರಿಗೂ ದಾರಿ ದಾರಿಯೇ. ಅದೇ ಅಬ್ದುಲ್ ಕರೀಮ ಖಾನರು ೧೯೩೭ರ ಅಕ್ಟೋಬರ ೨೭ರಂದು ಮದರಾಸಿನಿಂದ ಪಾಂಡಿಚೇರಿಗೆ ಹೊರಟಾಗ ದೇಹಾಲಸ್ಯವಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಅಲ್ಲಿಯ ಫಲಾಟಿನ ಮೇಲೆಯೇ ಅವರ ಪ್ರಾಣ ಹೋಯಿತು.

ನಮ್ಮ ಭಾಗದಲ್ಲಿ ಒಂದು ಶಾಲೆಯೇ ಹೀಗೆ ತಿರುಗಿತೆಂಬುದನ್ನೂ ಹೇಳಬೇಕು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ತಾವು ಕಣ್ಣಿಲ್ಲದವರು. ೧೯೧೪ರಲ್ಲಿ ಆರಂಭವಾದ ಅವರ ಸಂಗೀತ ಪಾಠಶಾಲೆ ಬಹುಕಾಲ ಸಂಚಾರಿಯೇ ಆಗಿತ್ತು. ಕಣ್ಣಿಲ್ಲದ ಮಕ್ಕಳು, ಬಡ ಮಕ್ಕಳು, ತಂಬೂರಿ, ತಬಲ, ಪೆಟ್ಟಿಗೆ ಎಲ್ಲವನ್ನೂ ಕಟ್ಟಿಕೊಂಡು ಊರಿಂದೂರಿಗೆ ಹೋಗುವುದು, ಭಕ್ತರು ಕೊಟ್ಟ ಜೋಳದಲ್ಲಿ ಇರುವುದು, ಜೋಳ ಮುಗಿದಾಗ ಮುಂದಿನ ಊರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅದಕ್ಕೆ ಕಾಯಂ ನೆಲೆ ಸಿಕ್ಕಿತು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಭಾರ ಹೊತ್ತ ಪುಟ್ಟರಾಜ ಗವಾಯಿಗಳು ಆಶ್ರಮದ ಮಕ್ಕಳ ಹೊಟ್ಟೆಗಾಗಿ ನಾಟಕ ಬರೆದರು, ನಾಟಕ ಕಂಪನಿಯನ್ನೇ ನಡೆಸಿದರು. ೨೦೧೦ರಲ್ಲಿ ಅವರೂ ಹೋದರು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ರೈಲಿನ ಹುಡುಗನಿಗೆ ಯಾರೂ ಜವಾಬುದಾರರಿರಲಿಲ್ಲ. ಈ ಮಕ್ಕಳಿಗೆ ಗುರುವಿದ್ದ. ಗಂಜಿ ತೆಳ್ಳಗಾದರೂ ಪಂಕ್ತಿಯಲ್ಲಿ ಅವರಿಗೊಂದು ಎಲೆಯಿತ್ತು.

ಇನ್ನು ನಾಟಕ ಕಂಪನಿಗಳು. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಹೀಗೆ ನೆನೆದರೆ ಹೆಸರು ಬೆಳೆಯುತ್ತವೆ. ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿ ವಾಮನರಾಯರ ಕಂಪನಿಯಲ್ಲಿ ಹಾಡುತ್ತಿದ್ದಾಗಲೇ ನೀಲಕಂಠಬುವಾ ಅವರ ಕಣ್ಣಿಗೆ ಬಿದ್ದು ಮಿರಜಕ್ಕೆ ಹೋದದ್ದು. ಬಸವರಾಜ ರಾಜಗುರುಗಳೂ ಅದೇ ಕಂಪನಿಯಲ್ಲಿ ಹಾಡಿದವರು. ಸವಾಯಿ ಗಂಧರ್ವರೇ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ವಹಿಸಿ ಹೆಸರು ಗಳಿಸಿದವರು. ಕಂಪನಿಯೆಂದರೆ ನೆಲದ ಮೇಲಿನ ಹಡಗು ಎನ್ನಬಹುದು. ಮಾಲಕನಿದ್ದಾನೆ, ಮ್ಯಾನೇಜರನಿದ್ದಾನೆ, ಅಡಿಗೆಯವನಿದ್ದಾನೆ, ಬಡಿಗ, ಬಣ್ಣಗಾರ ಇದ್ದಾರೆ. ಒಂದೂರಲ್ಲಿ ಮುಕ್ಕಾಮು ಮಾಡಿ, ತಗಡು ತಟ್ಟಿ ಕಟ್ಟಿ, ಗಳಿಕೆ ಇರುವವರೆಗೆ ನಿಂತು, ಇಳಿದ ಕೂಡಲೆ ಲಂಗರು ಕಿತ್ತು ಮುಂದಿನೂರು. ನಟ ಹೋದರೆ ಆಟ ನಡೆದೀತು, ಪೆಟ್ಟಿಗೆ ಮಾಸ್ತರ ಮಲಗಿದರೆ ನಡೆಯದು ಎಂಬ ಮಾತು ಕಂಪನಿಯವರಲ್ಲಿತ್ತು. ರಾತ್ರಿ ಹತ್ತಕ್ಕೆ ಕಾಲುಪೆಟ್ಟಿಗೆಯ ಮುಂದೆ ಕುಳಿತವನು ನಾಂದಿಯಿಂದ ಮಂಗಳದವರೆಗೆ, ಕೋಳಿ ಕೂಗುವವರೆಗೆ, ಏಳುವಂತಿರಲಿಲ್ಲ. ಜನ ‘ವನ್ಸ್‌ಮೋರ್’ ಕೂಗಿದರೆ ಬಹುಮಾನ ನಟನಿಗೆ, ಮತ್ತೊಮ್ಮೆ ಬಾರಿಸುವ ಕೆಲಸ ಇವನಿಗೆ.

ಈ ಹುಡುಗನ ಅಜ್ಜ ಅಂಥ ಪೆಟ್ಟಿಗೆ ಮಾಸ್ತರರು. ನಾನು ಸಣ್ಣವನಿದ್ದಾಗ ಅವರು ಕಂಪನಿಯಿಂದ ಊರಿಗೆ ಬಂದರೆ ನಮ್ಮ ಪಡಸಾಲೆಯಲ್ಲಿ ಬಾರಿಸುತ್ತಿದ್ದರು. ಅವರಿದ್ದ ಕಂಪನಿ, ಅದರ ಹೆಸರು ಇಲ್ಲಿ ಬೇಡ, ಒಂದು ಮಳೆಗಾಲದಲ್ಲಿ ದೂರದ ಊರಿನ ಮುಕ್ಕಾಮಿನಲ್ಲಿ ಕೂಡಿಬಿತ್ತು. ಹದಿನೈದು ದಿನ ಮಳೆ, ಆಟವಿಲ್ಲ, ಗಳಿಕೆಯಿಲ್ಲ. ಒಂದು ಬೆಳಗು ಎದ್ದು ನೋಡಿದರೆ ಮಾಲಕನ ಬಿಡಾರ ಬರಿದು. ಮಾಸ್ತರರಿಗೆ ಮೂರು ತಿಂಗಳ ಪಗಾರ ಬರಬೇಕು. ಅತ್ತ ಖಾನಾವಳಿಯವನಿಗೆ ಅವರೇ ಕೊಡಬೇಕು. ಕಾಲುಪೆಟ್ಟಿಗೆ ಅವರ ಸ್ವಂತದ್ದು. ಖಾನಾವಳಿಯವನು ಅದನ್ನು ಒಳಗಿರಿಸಿಕೊಂಡು, “ರೊಕ್ಕ ತಂದು ಬಿಡಿಸಿಕೊಂಡು ಹೋಗ್ರಿ” ಎಂದ. ಅವರು ನಡೆದೇ ಊರಿಗೆ ಬಂದರು. ಪೆಟ್ಟಿಗೆ ಬರಲಿಲ್ಲ. ಮುಂದೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಬದುಕಿದರು. ಲೆಕ್ಕದ ಪುಸ್ತಕದ ಅಂಚಿನ ಮೇಲೆ ಅವರ ಬೆರಳುಗಳು ತಮ್ಮಷ್ಟಕ್ಕೆ ತಾವು ಆಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆ ಕಂಪನಿಯ ಒಂದು ಹಳೆಯ ಕರಪತ್ರ ನನ್ನಲ್ಲಿದೆ. ಬಣ್ಣ ಹಾರಿದ ಗುಲಾಬಿ ಕಾಗದ. ಮಾಲಕರ ಹೆಸರು ದಪ್ಪಕ್ಷರದಲ್ಲಿ, ನಟಿಯರ ಹೆಸರು ಅದಕ್ಕಿಂತ ದಪ್ಪಕ್ಷರದಲ್ಲಿ. ಕೆಳಗೆ ಒಂದು ಸಾಲು: ‘ಸುಶ್ರಾವ್ಯ ಸಂಗೀತ’. ಯಾರದೆಂದಿಲ್ಲ.

ಹಡಗಿನ ವಿಷಯಕ್ಕೆ ಈಗ ಬರುತ್ತೇನೆ. ೧೯೧೨ರ ಏಪ್ರಿಲ್ ೧೫ರಂದು ಟೈಟಾನಿಕ್ ಮುಳುಗುವಾಗ ವಾದ್ಯಗಾರರು ಕೊನೆಯವರೆಗೂ ನುಡಿಸುತ್ತಲೇ ಇದ್ದರೆಂಬುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅವರು ಎಂಟು ಜನ, ವಾಲೆಸ್ ಹಾರ್ಟ್ಲಿ ಎಂಬವನು ಮೇಳದ ನಾಯಕ. ಎಂಟೂ ಜನ ಸತ್ತರು. ಮಕ್ಕಳಿಗೆ ತಿಳಿಯದ ಸಂಗತಿಯೆಂದರೆ, ಅವರು ಹಡಗಿನ ಕಂಪನಿಯ ನೌಕರರಾಗಿರಲಿಲ್ಲ. ಲಿವರಪೂಲಿನ ದಲ್ಲಾಳಿ ಸಂಸ್ಥೆಯೊಂದು ಅವರನ್ನು ಗೊತ್ತುಮಾಡಿ ಕಳಿಸಿತ್ತು. ಹಡಗಿನ ಕಾಗದಪತ್ರಗಳಲ್ಲಿ ಅವರು ಎರಡನೆಯ ವರ್ಗದ ಪ್ರಯಾಣಿಕರು, ಎಂಟು ಜನಕ್ಕೂ ಕೂಡಿ ಒಂದೇ ಟಿಕೀಟು! ಸತ್ತ ಮೇಲೆ ಮನೆಯವರು ಪರಿಹಾರ ಕೇಳಿದಾಗ, ನಮ್ಮ ನೌಕರರಲ್ಲ ಎಂದು ಹಡಗಿನವರೂ ಕೈತೊಳೆದುಕೊಂಡರು, ದಲ್ಲಾಳಿಗಳೂ ಕೈತೊಳೆದುಕೊಂಡರು. ಜಾನ್ ಹ್ಯೂಮ್ ಎಂಬ ೨೧ ವರ್ಷದ ಪಿಟೀಲುಗಾರನ ತಂದೆಗೆ, ಮಗ ಸತ್ತ ಆ ತಿಂಗಳಲ್ಲೇ, ಸಮವಸ್ತ್ರದ ಬಾಕಿ ಕಳಿಸಬೇಕೆಂದು ದಲ್ಲಾಳಿಗಳ ಪತ್ರ ಬಂತು. ಕೊನೆಗೆ ಕೈ ಹಿಡಿದವರು ಅದೇ ಕಸುಬಿನವರು. ಮೇ ೨೪ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ದೊಡ್ಡ ವಾದ್ಯಮೇಳ ಕೂಡಿ ನುಡಿಸಿ, ಸತ್ತವರ ಮನೆಗಳಿಗಾಗಿ ಹಣ ಕೂಡಿಸಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಗುಲಾಬಿ ಕರಪತ್ರ. ಸಮುದ್ರವಾದರೇನು, ಎರೆಯ ಹೊಲವಾದರೇನು? ತಿರುಗುವ ವಾದ್ಯಗಾರ ಎಲ್ಲಿಯೂ ಪ್ರಯಾಣಿಕನಲ್ಲ, ಮನೆಯವನಲ್ಲ, ನೌಕರನೆಂಬ ಲೆಕ್ಕಕ್ಕೂ ಇಲ್ಲ. ಅವನನ್ನು ಕೆಡಿಸುವುದು ನೀರೂ ಅಲ್ಲ, ಅಲೆದಾಟವೂ ಅಲ್ಲ. ಯಾರ ಪಟ್ಟಿಯಲ್ಲೂ ಅವನ ಹೆಸರಿಲ್ಲದಿರುವುದು.

ಕಾಲ ನಿಂತಿಲ್ಲವೆಂಬುದನ್ನೂ ಒಪ್ಪಬೇಕು. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೨೦೦೬ರಲ್ಲಿ ಹಡಗಿನ ಕೆಲಸಗಾರರಿಗಾಗಿ ಒಂದು ಒಡಂಬಡಿಕೆ ಮಾಡಿತು. ೨೦೧೩ರಲ್ಲಿ ಅದು ಜಾರಿಗೆ ಬಂತು, ೨೦೧೫ರಲ್ಲಿ ಭಾರತವೂ ರುಜು ಹಾಕಿತು. ಹಡಗಿನಲ್ಲಿ ಯಾವ ತರದ ಕೆಲಸ ಮಾಡುವವನೇ ಆಗಲಿ ಆತ ನಾವಿಕನೆಂದು ಅದು ಹೇಳುತ್ತದೆ. ಅಂದರೆ ತಿಂಗಳುಗಟ್ಟಲೆ ಹಡಗಿನಲ್ಲೇ ಇದ್ದು ದುಡಿಯುವ ಪೆಟ್ಟಿಗೆಯವನಿಗೂ ಈಗ ನಾವಿಕರ ಪಟ್ಟಿಯಲ್ಲಿ ಜಾಗವುಂಟು. ನೌಕರಿ ಕೊಡಿಸಿದ್ದಕ್ಕೆ ಅವನಿಂದ ದಲ್ಲಾಳಿ ರೊಕ್ಕ ಹಿರಿಯುವಂತಿಲ್ಲ. ಕರಾರು ಮುಗಿದ ಮೇಲೆ ಊರಿಗೆ ಮುಟ್ಟಿಸುವ ಖರ್ಚು ಹಡಗಿನವರದು. ಅದಕ್ಕೆ ಪ್ರತಿಯಾಗಿ ಅವನೂ ನಾವಿಕನಂತೆ ಬೆಂಕಿ ಆರಿಸುವುದು, ನೀರಲ್ಲಿ ಜೀವ ಉಳಿಸಿಕೊಳ್ಳುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿತು ನಾವಿಕರ ದಾಖಲೆ ಪುಸ್ತಕ ಪಡೆಯಬೇಕು. ಟೈಟಾನಿಕ್ಕಿನ ಎಂಟು ಜನರಿಂದ ಈ ಒಂದು ಸಾಲಿನವರೆಗೆ ಬರಲು ಜಗತ್ತಿಗೆ ನೂರು ವರ್ಷ ಬೇಕಾಯಿತು. ಕಾಗದದ ಮೇಲಿನ ಸಾಲೆಲ್ಲ ನಡುನೀರಿನಲ್ಲಿ ನಡೆಯುತ್ತದೆಂದು ನಾನು ನಂಬಿ ಕುಳಿತಿಲ್ಲ. ಆದರೆ ನಮ್ಮ ಮಾಸ್ತರರಿಗೆ ತೋರಿಸಲು ಕಾಗದವೇ ಇರಲಿಲ್ಲ.

ನಾಲ್ಕನೆಯ ದಿನ ಹುಡುಗನನ್ನು ಕರೆಸಿ ಕರಾರುಪತ್ರ ತರಲು ಹೇಳಿದೆ. ಕನ್ನಡಕ ಹಾಕಿಕೊಂಡು ಇಬ್ಬರೂ ಕೂಡಿ ಸಾಲು ಸಾಲಾಗಿ ಓದಿದೆವು. ಪಗಾರ ಯಾರು ಕೊಡುತ್ತಾರೆ, ಹಡಗಿನವರೋ ನಡುವಿನವರೋ? ನಡುವಿನವರಿಗೆ ಕೇಂದ್ರ ಸರಕಾರದ ಪರವಾನಗಿ ಇದೆಯೇ? ಕರಾರು ನಡುವೆ ಮುರಿದರೆ ತಿರುಗಿ ಬರುವ ಖರ್ಚು ಯಾರದು? ನಿನ್ನ ಹೆಸರು ಯಾರ ಪಟ್ಟಿಯಲ್ಲಿದೆ? ಮೂರಕ್ಕೆ ಉತ್ತರ ಕಾಗದದಲ್ಲೇ ಸಿಕ್ಕಿತು. ಒಂದಕ್ಕೆ ಸಿಗಲಿಲ್ಲ. ಆತ ಮುಂಬಯಿಗೆ ಬರೆದು ಕೇಳಿದ, ಹದಿನೈದು ದಿನಕ್ಕೆ ಲಿಖಿತ ಉತ್ತರ ಬಂತು. ಆಮೇಲೆ ತಾಯಿಗೆ, “ಕಳಸವಾ” ಎಂದೆ.

“ನೀವು ಹೇಳಿದ್ರ ಕಳಸ್ತೀನ್ರಿ ಕಾಕಾ. ಆದರ ಅವರ ಅಜ್ಜನ್ಹಂಗ ಆಗಬಾರ್ದು.”

“ಅವರ ಅಜ್ಜನ ಕೈಯಾಗ ಏನೂ ತಪ್ಪು ಇರಲಿಲ್ಲವಾ” ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾವನ ಬಗ್ಗೆ ಹಾಗೆ ಯಾರೂ ಆಕೆಯ ಮುಂದೆ ಹೇಳಿರಲಿಲ್ಲವೆಂದು ತೋರುತ್ತದೆ.

ಕಳಿಸಲು ನಾನೂ ಗದಗ ಸ್ಟೇಶನ್ನಿಗೆ ಹೋಗಿದ್ದೆ. ಮೀಟರ್ ಗೇಜಿನ ಆ ಹಳಿ ಈಗಿಲ್ಲ, ಅಗಲವಾಗಿದೆ. ಹುಡುಗನ ಜೋಬಿನಲ್ಲಿ ಟಿಕೀಟಿತ್ತು, ಚೀಲದಲ್ಲಿ ನಾವಿಕರ ಪುಸ್ತಕವಿತ್ತು. ಸಾಮಾನು ಕಳೆದೀತೆಂದು ತಾಯಿ ದೊಡ್ಡ ಚೀಲಕ್ಕೆ ಬಿಳಿ ಬಟ್ಟೆಯೊಂದನ್ನು ಹೊಲಿದು ಮಸಿಯಲ್ಲಿ ವಿಳಾಸ ಬರೆಸಿದ್ದಳು. ಹತ್ತಿರ ಹೋಗಿ ಓದಿದೆ. ಹುಡುಗನ ಹೆಸರು, ಅದರ ಕೆಳಗೆ ‘ಪೆಟ್ಟಿಗೆ ಮಾಸ್ತರರ ಮೊಮ್ಮಗ’, ಅದರ ಕೆಳಗೆ ‘ಗಜೇಂದ್ರಗಡ’.

ಗಾಡಿ ಇಪ್ಪತ್ತು ನಿಮಿಷ ತಡವಾಗಿ ಹೊರಟಿತು.